ಗಣಕಯಂತ್ರದ ಕೆಲಸದಲ್ಲಿ ಕಾಲದ ಉಳಿತಾಯ

ಹದ ತಪ್ಪಿ ಬಿತ್ತಿದ ಬೀಜಕ್ಕೆ ಎಷ್ಟು ಗೊಬ್ಬರ ಹಾಕಿದರೂ ಪೂರ್ಣ ಫಲವಿಲ್ಲವೆಂಬುದು ಕೃಷಿಕರೆಲ್ಲರಿಗೂ ತಿಳಿದ ವಿಷಯವೇ. ಬೇಸಾಯದಲ್ಲಿ ಕಾಲವೇ ದೊಡ್ಡ ಬಂಡವಾಳವು. ಈಗ ಪಹಣಿಯ ಪ್ರತಿ, ಬೆಳೆ ವಿಮೆಯ ಅರ್ಜಿ, ಕೂಲಿಯ ಲೆಕ್ಕ ಮುಂತಾದುವು ಗಣಕಯಂತ್ರದ ಮೂಲಕ ನಡೆಯುತ್ತಿರುವುದರಿಂದ, ಗ್ರಾಮದ ಮುಖಂಡರೂ ಜಮೀನುದಾರರೂ ಆ ಯಂತ್ರದ ಮುಂದೆ ಕಳೆಯುವ ಕಾಲವು ಹೆಚ್ಚುತ್ತಿರುವುದು. ಯಂತ್ರವನ್ನು ನಡೆಸುವ ವಿಂಡೋಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಈ ಕಾಲವನ್ನು ಉಳಿಸತಕ್ಕ ಸುಲಭೋಪಾಯಗಳು ಕೆಲವುಂಟು.

ನಷ್ಟದ ಮೂಲ.— ಕೈಯನ್ನು ಕೀಲಿಮಣೆಯಿಂದೆತ್ತಿ ಮೌಸ್ ಹಿಡಿದು, ಬೇಕಾದ ಗುರುತನ್ನು ಹುಡುಕಿ ಒತ್ತುವುದಕ್ಕೆ ಸುಮಾರು ೧೦ ಸೆಕೆಂಡು ಹಿಡಿಯುವುದೆಂದು ಇಟ್ಟುಕೊಳ್ಳೋಣ. ದಿನಕ್ಕೆ ೬೦ ಸಲ ಹೀಗಾದರೆ ೧೦ ನಿಮಿಷವು. ೩೦೦ ದಿನಗಳಿಗೆ ೫೦ ಗಂಟೆಗಳು. ಕಾಲುವೆಯ ಏರಿಯಲ್ಲಿ ಇಲಿ ಕೊರೆದ ಬಿಲದಿಂದ ನೀರು ಹೋಗುವಂತೆ ಈ ಕಾಲವು ಕಾಣದೆ ಹೋಗುವುದು.

೧. ಕೆಲಸವನ್ನು ಉಳಿಸಿಡುವುದು.— ಎಲ್ಲಕ್ಕಿಂತ ಮುಖ್ಯವಾದುದು ಇದೇ. ಸುಗ್ಗಿಯ ಕೂಲಿಯ ಲೆಕ್ಕವನ್ನು ಮೂರು ಗಂಟೆಗಳ ಕಾಲ ಬರೆದು ಉಳಿಸದೆ ಇದ್ದಾಗ ವಿದ್ಯುತ್ತು ನಿಂತರೆ, ಅಷ್ಟೂ ಶ್ರಮವು ವ್ಯರ್ಥವಾಗಬಹುದು. ಕೂಲಿಯವರು ಬಾಗಿಲಲ್ಲಿ ಕಾದು ನಿಲ್ಲಬೇಕಾಗುವುದು. ಆದುದರಿಂದ ಪ್ರತಿ ಹತ್ತು ಸಾಲಿಗೊಮ್ಮೆ ಕಂಟ್ರೋಲ್ ಕೀಲಿಯನ್ನು ಹಿಡಿದು ಎಸ್ ಅಕ್ಷರವನ್ನು ಒತ್ತತಕ್ಕದ್ದು. ತಪ್ಪಿ ಏನಾದರೂ ಅಳಿಸಿಹೋದಲ್ಲಿ ಗಾಬರಿಪಡದೆ ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಹಿಂದಿನ ಸ್ಥಿತಿಯು ಮರಳಿ ಬರುವುದು.

೨. ನಕಲು ಮಾಡುವುದು.— ಸರ್ವೆ ನಂಬರನ್ನೂ ಖಾತೆದಾರರ ಹೆಸರನ್ನೂ ಪ್ರತಿ ಅರ್ಜಿಯಲ್ಲಿ ಹೊಸದಾಗಿ ಬೆರಳಚ್ಚು ಮಾಡಿದರೆ ಕಾಲವೂ ಹೋಗುವುದು, ತಪ್ಪೂ ನುಸುಳುವುದು. ಬೇಕಾದ ಭಾಗವನ್ನು ಗುರುತಿಸಿ ಕಂಟ್ರೋಲ್ ಮತ್ತು ಸಿ ಒತ್ತಿದರೆ ನಕಲಾಗುವುದು; ಕಂಟ್ರೋಲ್ ಮತ್ತು ವಿ ಒತ್ತಿದರೆ ಬೇಕಾದಲ್ಲಿ ಅಂಟುವುದು. ೨೦೧೮ರಲ್ಲಿ ಸೇರಿಸಲ್ಪಟ್ಟ ಇನ್ನೊಂದು ಅನುಕೂಲವಿದೆ. ಕಿಟಕಿಯ ಚಿಹ್ನೆಯುಳ್ಳ ಕೀಲಿಯೊಡನೆ ವಿ ಒತ್ತಿದರೆ, ಹಿಂದೆ ನಕಲು ಮಾಡಿದ ೨೫ರವರೆಗಿನ ತುಣುಕುಗಳ ಪಟ್ಟಿಯು ತೆರೆಯುವುದು. ಮೊದಲ ಸಲ ಮಾತ್ರ ಇದನ್ನು ಚಾಲನೆಗೊಳಿಸಬೇಕು. ಹಲವರು ಬಳಸುವ ಯಂತ್ರದಲ್ಲಿ ಬ್ಯಾಂಕಿನ ಗುಪ್ತಪದವನ್ನು ಎಂದಿಗೂ ನಕಲು ಮಾಡಕೂಡದು.

೩. ಒಂದರಿಂದ ಇನ್ನೊಂದಕ್ಕೆ ಹೋಗುವುದು.— ಪಹಣಿಯನ್ನೂ ಅರ್ಜಿಯನ್ನೂ ಒಟ್ಟಿಗೆ ತೆರೆದಿರುವಾಗ ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ದಾಟಬಹುದು. ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡವರು ಕಿಟಕಿಯ ಕೀಲಿಯೊಡನೆ ಖಾಲಿ ಜಾಗದ ಉದ್ದನೆಯ ಕೀಲಿಯನ್ನು ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರಬಹುದು.

೪. ಕಡತಗಳಿಗೆ ಹೆಸರಿಡುವುದು.— ಧಾನ್ಯದ ಮೂಟೆಗಳನ್ನು ಗುರುತಿಲ್ಲದೆ ಒಟ್ಟಿದರೆ ಬಿತ್ತನೆಯ ಬೀಜವು ಯಾವುದೆಂದು ತಿಳಿಯದು. ಕಡತಗಳ ವಿಷಯವೂ ಹಾಗೆಯೇ. ಹೆಸರಿನ ಮೊದಲಲ್ಲಿ ಇಂಗ್ಲಿಷ್ ಅಂಕಿಗಳಿಂದ ವರ್ಷ, ಅನಂತರ ಎರಡಂಕಿಯ ತಿಂಗಳು, ಕಡೆಗೆ ತಾರೀಖು, ಹೀಗೆ ಬರೆದರೆ, ಹೆಸರಿನ ಕ್ರಮದಲ್ಲಿ ಜೋಡಿಸಿದಾಗ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುವುವು. ಹೆಸರನ್ನು ಬದಲಿಸಲು ಕಡತವನ್ನು ಗುರುತಿಸಿ ಎಫ್ ೨ ಎಂಬ ಕೀಲಿಯನ್ನು ಒತ್ತತಕ್ಕದ್ದು. ಕಿಟಕಿಯ ಕೀಲಿಯೊಡನೆ ಇ ಒತ್ತಿದರೆ ಕಡತಗಳ ಉಗ್ರಾಣವೇ ತೆರೆಯುವುದು.

೫. ಬಾಗಿಲು ಹಾಕುವುದು.— ಹೊಲಕ್ಕೋ ಸಭೆಗೋ ಏಳುವಾಗ ಕಿಟಕಿಯ ಕೀಲಿಯೊಡನೆ ಎಲ್ ಒತ್ತಿದರೆ ಯಂತ್ರಕ್ಕೆ ಬೀಗ ಬೀಳುವುದು. ಗುಪ್ತಪದವನ್ನು ಇಟ್ಟಿದ್ದಲ್ಲಿ ಮಾತ್ರ ಈ ಬೀಗಕ್ಕೆ ಬೆಲೆಯುಂಟು.

ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ಕ್ಕೆ ಹೋದವರಿಗೂ ಮೇಲಿನ ಕೀಲಿಗಳೆಲ್ಲವೂ ಹಾಗೆಯೇ ಉಪಯೋಗಕ್ಕೆ ಬರುವುವು; ಕಲಿತದ್ದು ವ್ಯರ್ಥವಾಗದು.

ಇವೆಲ್ಲವನ್ನೂ ಒಂದೇ ದಿನ ಕಲಿಯುವ ಅವಶ್ಯಕತೆಯಿಲ್ಲ. ಒಂದು ರಟ್ಟಿನ ಮೇಲೆ ಬರೆದು ಯಂತ್ರದ ಪಕ್ಕದಲ್ಲಿ ತೂಗುಹಾಕಿ, ವಾರಕ್ಕೊಂದರಂತೆ ರೂಢಿಮಾಡಿಕೊಂಡರೆ ಸಾಕು. ಮೊದಲನೆಯ ವಾರಕ್ಕೆ ಉಳಿಸಿಡುವ ಕೀಲಿಯನ್ನೇ ಆರಿಸಿಕೊಳ್ಳುವುದು ಉತ್ತಮ. ಹನಿ ಹನಿಗೂಡಿದರೆ ಹಳ್ಳವೆಂಬಂತೆ, ಹೀಗೆ ಉಳಿದ ಗಳಿಗೆಗಳು ಕೂಡಿ, ಹದ ಬಂದ ದಿನ ಯಜಮಾನನು ಯಂತ್ರದ ಮುಂದಲ್ಲದೆ ಹೊಲದಲ್ಲಿರುವಂತೆ ಮಾಡುವುವು.