ಹಳ್ಳ ನೇರ ಮಾಡಿಸಿದ ಮೇಲೆ

ಸಾಗರ ಸೀಮೆಯ ನಮ್ಮೂರಿನ ಹಳ್ಳ ವರದೆಗೆ ಸೇರುತ್ತದೆ. ಊರಿಗೆಲ್ಲ ಕುಡಿಯುವ ನೀರಿನ ಬಾವಿ ಅದರ ದಂಡೆಯಲ್ಲೇ ಇದೆ. ಆ ಬಾವಿಯ ಮೇಲ್ಗಡೆ ಇದ್ದ ದೊಡ್ಡ ತಿರುವನ್ನು ಜೆಸಿಬಿ ತರಿಸಿ ನೇರ ಮಾಡಿಸಿದವನು ನಾನು. ಗದ್ದೆ ಚೌಕವಾಗುತ್ತದೆ, ಮಳೆಗಾಲದ ನೀರು ಬೇಗ ಹರಿದುಹೋಗುತ್ತದೆ ಎಂದುಕೊಂಡಿದ್ದೆ.

ಬೇಗ ಹೋಯಿತು, ನಿಜ. 2019ರ ಆಗಸ್ಟ್ ಮಳೆಗೆ ಬಾವಿಯ ಪಕ್ಕದ ದರೆ ಜರಿಯಿತು. ಕೊಡಪಾನಕ್ಕೆ ಬಂದದ್ದು ಕೆಮ್ಮಣ್ಣಿನ ನೀರು. ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕೆಂದು ನಂಬಿದ್ದೆವು. ಕದಡಿದ ನೀರಿನಲ್ಲಿ ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಉಳಿದುಬಿಡುತ್ತವೆ, ಕ್ಲೋರಿನ್ ಅಲ್ಲಿಗೆ ತಲುಪುವುದಿಲ್ಲ ಎಂಬುದು ಮನೆಮನೆಯಲ್ಲಿ ಮಕ್ಕಳಿಗೆ ಭೇದಿ ಹಿಡಿದ ಮೇಲೆ ಗೊತ್ತಾಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡಿದಂತಾಗುತ್ತದೆ.

ದರೆಗೆ ಕಲ್ಲಿನ ಗೋಡೆ ಕಟ್ಟಿಸಿದೆವು. ಮುಂದಿನ ಮಳೆಗಾಲದಲ್ಲಿ ಅದು ಇಡಿಯಾಗಿ ಹಳ್ಳಕ್ಕೆ ಮಗುಚಿತು. ಕಲ್ಲು ಕಟ್ಟುವ ಹಿರಿಯರೊಬ್ಬರು ದಂಡೆಯ ಹೊಂಗೆಮರದ ಹತ್ತಿರ ಕರೆದುಕೊಂಡು ಹೋಗಿ, “ಭಟ್ರೇ, ದರೆ ನೋಡಿದ್ದು ಸಾಕು, ತಳ ನೋಡಿ” ಎಂದರು. ಹಿಂದೆ ನೀರಿಗೆ ತಾಗುತ್ತಿದ್ದ ಬೇರುಗಳು ಸೊಂಟದೆತ್ತರದಲ್ಲಿ ಗಾಳಿಗೆ ಜೋತಾಡುತ್ತಿದ್ದವು.

ಆಗ ಎಲ್ಲ ಅರ್ಥವಾಯಿತು. ತಿರುವು ಹೋದಾಗ ಹಳ್ಳದ ದಾರಿ ಗಿಡ್ಡವಾಗಿ ಇಳುಕಲು ಹೆಚ್ಚಿತ್ತು. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ ಎಂಬುದು ಹಳೆಯ ಲೆಕ್ಕ. ಹಳ್ಳ ತನ್ನ ತಳವನ್ನೇ ಕೊರೆದುಕೊಂಡು ಇಳಿದಿತ್ತು. ಬುಡವಿಲ್ಲದ ದರೆ ಕುಸಿಯುತ್ತಿತ್ತು. ಬೇಸಿಗೆಯಲ್ಲಿ ಬಾವಿ ಬೇಗ ಬತ್ತತೊಡಗಿದ್ದಕ್ಕೂ ಅದೇ ಕಾರಣ: ಹಳ್ಳ ಇಳಿದಷ್ಟೂ ಅಕ್ಕಪಕ್ಕದ ನೆಲದ ನೀರು ಅದಕ್ಕೆ ಬಸಿದುಹೋಗುತ್ತಿತ್ತು.

ಹತ್ತು ಗುಂಟೆ ಗದ್ದೆಯನ್ನು ಹಳ್ಳಕ್ಕೇ ಬಿಟ್ಟು ಹಳೆಯ ತಿರುವನ್ನು ಮತ್ತೆ ತೋಡಿಸಿದೆ. ಕಡಿದಾದ ದರೆಯನ್ನು ಸವರಿ ಇಳಿಜಾರು ಮಾಡಿದೆವು. ತಳದಲ್ಲಿ ಅಲ್ಲಲ್ಲಿ ಮೊಣಕಾಲೆತ್ತರದ ಅಡ್ಡಗಲ್ಲಿನ ಸಾಲು ಇಟ್ಟೆವು. ಮೊದಲನೆಯ ಸಾಲಿನಲ್ಲೇ ತಪ್ಪಾಯಿತು. ಮೇಲ್ಮಟ್ಟ ಒಂದೇ ಸಮ ಇದ್ದುದರಿಂದ ನೀರು ಪಕ್ಕಕ್ಕೆ ಸರಿದು ದಂಡೆಯನ್ನೇ ಕೊರೆಯಿತು. ಆಮೇಲೆ ನಡುವೆ ತಗ್ಗು, ಎರಡೂ ಬದಿ ಎತ್ತರ ಇಟ್ಟು, ತುದಿಗಲ್ಲುಗಳನ್ನು ದಂಡೆಯೊಳಗೆ ಆಳಕ್ಕೆ ಹೂತೆವು. ಹೂಳು ತಾನಾಗಿ ನಿಂತು ತಳ ಏರತೊಡಗಿತು.

ಮಳೆ ಹಿಡಿಯುತ್ತಿದ್ದಂತೆ ದರೆಗೆ ಗೇಣಿಗಿಂತ ಕಡಿಮೆ ಅಂತರದಲ್ಲಿ ಲಾವಂಚ ನೆಟ್ಟೆವು. ಅದರ ಬೇರು ಅಡ್ಡ ಹಬ್ಬದೆ ನೇರ ಕೆಳಗಿಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರ್‌ವರೆಗೂ. ನೀರಂಚಿಗೆ ಕೇದಿಗೆ, ಮೇಲೆ ಹೊಂಗೆ, ಹೊಳೆಮತ್ತಿ. ಎಲ್ಲಕ್ಕಿಂತ ಕಷ್ಟವಾದದ್ದು ದನಗಳನ್ನು ತಡೆಯುವುದು. ಬೇಲಿ ಹಾಕಿ, ದಣಪೆ ಇಟ್ಟು, ನೀರು ಕುಡಿಸಲು ಬಾವಿಯ ಕೆಳಗಡೆ ಬೇರೆ ದಾರಿ ಮಾಡಿಕೊಟ್ಟ ಮೇಲೆ ಮನೆಯವರೆಲ್ಲ ಒಪ್ಪಿದರು.

ಜೋರು ಮಳೆಗೆ ಬಾವಿ ಈಗಲೂ ಒಂದೆರಡು ದಿನ ಕದಡುತ್ತದೆ, ಆಗ ಸೋಸಿ ಕುದಿಸಿಯೇ ಕುಡಿಯುತ್ತೇವೆ. ಮೊನ್ನೆ ಹಳ್ಳದ ಮೇಲ್ಗಡೆಯ ಗೆಳೆಯರೊಬ್ಬರು ತಮ್ಮ ತಿರುವು ತೆಗೆಸಲು ಜೆಸಿಬಿ ಗೊತ್ತು ಮಾಡುತ್ತಿದ್ದಾರೆಂದು ಕೇಳಿದೆ. ಕೂಡಲೇ ಹೋಗಿ ಅವರನ್ನು ಕರೆತಂದು ಆ ಹೊಂಗೆಯ ಬೇರು ತೋರಿಸಿದೆ. ಬಹಳ ಹೊತ್ತು ನೋಡುತ್ತ ನಿಂತಿದ್ದರು.