ಚಳಿಗಾಲದಲ್ಲಿ ಕಾಶ್ಮೀರದ ಬಾಡಿಗೆ ಹಿಡಿಯುವ ಮುನ್ನ

ಹೆಬ್ಬಾಳ ದಾಟಿ ಚಿಕ್ಕಬಳ್ಳಾಪುರದ ದಾರಿ ಹಿಡಿದ ಲಾರಿ ರಾಷ್ಟ್ರೀಯ ಹೆದ್ದಾರಿ 44 ಬಿಡದೆ ಹೋದರೆ ಶ್ರೀನಗರ ಮುಟ್ಟುತ್ತದೆ. ರಸ್ತೆ ಅದೇ, ಹವೆ ಮಾತ್ರ ಬೇರೆ. ಡಿಸೆಂಬರ್ 21ಕ್ಕೆ ಅಲ್ಲಿ 'ಚಿಲ್ಲೈ ಕಲಾನ್' ಎಂಬ 40 ದಿನಗಳ ಕಡುಚಳಿ ಶುರು. ಗಾಡಿಯ ತಯಾರಿ ಏನಿದ್ದರೂ ಊರ ಗ್ಯಾರೇಜಿನಲ್ಲೇ ಮುಗಿಯಬೇಕು. ಘಾಟಿಯಲ್ಲಿ ಕ್ಯಾಬಿನ್ ಎತ್ತಿ ನಿಂತರೆ ಮರಗಟ್ಟಿದ ಬೆರಳಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ.

1. ರೇಡಿಯೇಟರ್‌ನಲ್ಲಿ ಬರೀ ನೀರಿದ್ದರೆ ಚೆಲ್ಲಿಸಿ. ನಮ್ಮ ಕಡೆ ದಾರಿಯಲ್ಲಿ ಸಿಕ್ಕ ನೀರು ತುಂಬಿಸಿಕೊಂಡು ಓಡಿಸುವುದು ರೂಢಿ. ಅಲ್ಲಿ ರಾತ್ರಿ ಅದೇ ನೀರು ಗಡ್ಡೆಯಾಗಿ, ಹಿಗ್ಗಿ, ಎಂಜಿನ್ ಬ್ಲಾಕನ್ನೇ ಸೀಳಬಹುದು. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಇದ್ದರೆ ಮೈನಸ್ 35 ಡಿಗ್ರಿಯ ಆಸುಪಾಸಿನವರೆಗೂ ಭಯವಿಲ್ಲ.

2. ಡೀಸೆಲ್ ಎಲ್ಲಿ ಹಾಕಿಸುತ್ತೀರಿ ಎಂಬುದು ಮೊದಲೇ ಗೊತ್ತಿರಲಿ. ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟುವಂತೆ ಡೀಸೆಲ್‌ನಲ್ಲಿರುವ ಮೇಣವೂ ಗಟ್ಟಿಯಾಗಿ ಫಿಲ್ಟರ್ ಕಟ್ಟಿಹಾಕುತ್ತದೆ. ಟ್ಯಾಂಕ್ ತುಂಬಿದ್ದರೂ ಎಂಜಿನ್‌ಗೆ ಹನಿ ಸಿಗುವುದಿಲ್ಲ. ನಮ್ಮ ದೇಶದ ಮಾನದಂಡದಲ್ಲೇ ಬೇಸಿಗೆಯ ಡೀಸೆಲ್ ಬೇರೆ, ಚಳಿಗಾಲದ್ದು ಬೇರೆ: ಹರಿವು ನಿಲ್ಲುವ ಮಟ್ಟ ಮೊದಲನೆಯದಕ್ಕೆ 15 ಡಿಗ್ರಿವರೆಗೆ, ಎರಡನೆಯದಕ್ಕೆ 3 ಡಿಗ್ರಿವರೆಗೆ ಇರಬಹುದು. ಆದ್ದರಿಂದ ದಕ್ಷಿಣದ ಡೀಸೆಲ್ ತುಂಬಿಕೊಂಡು ಘಾಟಿ ಹತ್ತಬೇಡಿ. ಜಮ್ಮು ತಲುಪುವಾಗ ಟ್ಯಾಂಕ್ ತಳ ಹತ್ತಿರಲಿ, ಅಲ್ಲಿಂದ ಮುಂದಿನ ಬಂಕುಗಳಲ್ಲಿ ಕೇಳಿ ಹಾಕಿಸಿ. ಲಡಾಖ್ ಕಡೆಗಾದರೆ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲನ್ನು ಇಂಡಿಯನ್ ಆಯಿಲ್ 2019ರ ನವೆಂಬರ್‌ನಿಂದ ಪಾಣಿಪತ್ ರಿಫೈನರಿಯಿಂದ ಕೊಡುತ್ತಿದೆ. ಹೆಚ್ಚಿನ ಡೀಸೆಲ್ ಫಿಲ್ಟರ್ ಕ್ಯಾಬಿನ್‌ನಲ್ಲಿರಲಿ. ಸೀಮೆಎಣ್ಣೆ ಬೆರೆಸುವುದು ಹಳೆಯ ಗಾಡಿಗಳ ಕಾಲದ ಉಪಾಯ. ಬಿಎಸ್-6 ಗಾಡಿಯ ಸೈಲೆನ್ಸರ್ ವ್ಯವಸ್ಥೆಯನ್ನು ಅದು ಹಾಳುಮಾಡುತ್ತದೆ. ಟ್ಯಾಂಕಿನಡಿ ಬೆಂಕಿ ಹಚ್ಚಿ ಕರಗಿಸುವ ಶೂರರೂ ಇದ್ದಾರೆ. ಅವರ ಪಕ್ಕದಲ್ಲಿ ನಿಮ್ಮ ಗಾಡಿ ನಿಲ್ಲಿಸಬೇಡಿ.

3. ಆಡ್‌ಬ್ಲೂ ಮೈನಸ್ 11 ಡಿಗ್ರಿಗೆ ಗಡ್ಡೆ ಕಟ್ಟುತ್ತದೆ. ಹಿಗ್ಗಲು ಜಾಗ ಬೇಕು, ಕಂಠಪೂರ್ತಿ ತುಂಬಬೇಡಿ. ಗಡ್ಡೆಯಾದರೆ ಎಂಜಿನ್ ಬಿಸಿಯಾದಂತೆ ತಾನೇ ಕರಗುತ್ತದೆ. ನೀರು ಸುರಿಯುವ ಜಾಣತನ ಬೇಡ.

4. ಹಳೆಯ ಬ್ಯಾಟರಿಯನ್ನು ಇಲ್ಲೇ ಬದಲಿಸಿ. ಬೆಂಗಳೂರಿನಲ್ಲೇ ಬೆಳಿಗ್ಗೆ ಸೆಲ್ಫ್ ಎಳೆಯಲು ಮುಲುಕುವ ಬ್ಯಾಟರಿ ಖಾಜಿಗುಂಡ್‌ನಲ್ಲಿ ಕೈಕೊಡುವುದು ಖಚಿತ.

5. ಏರ್ ಟ್ಯಾಂಕಿನ ನೀರನ್ನು ದಿನಾ ಸಂಜೆ ಬಿಡಿ. ಕ್ಲೀನರ್‌ಗೆ ಹೇಳಿ ಸುಮ್ಮನಾಗದೆ ನೀವೇ ನಿಂತು ನೋಡಿ. ಒಳಗೆ ಉಳಿದ ತೇವ ವಾಲ್ವ್‌ನಲ್ಲಿ ಗಡ್ಡೆಯಾದರೆ ಬ್ರೇಕಿಗೆ ಗಾಳಿ ಹೋಗುವುದಿಲ್ಲ. ಏರ್ ಡ್ರೈಯರ್‌ನ ಕಾರ್ಟ್ರಿಡ್ಜ್ ಹೊರಡುವ ಮೊದಲೇ ಹೊಸದು ಹಾಕಿಸಿ.

6. ಹಿಮದ ಚೈನು ಕೊಂಡರೆ ಸಾಲದು, ಕಟ್ಟಲು ಕಲಿಯಿರಿ. ಮನೆಯ ಮುಂದೆ, ಬೆಳಕಿದ್ದಾಗ, ಹಿಂದಿನ ಗಾಲಿಗೆ ಒಮ್ಮೆ ಕಟ್ಟಿ ಬಿಚ್ಚಿ. ಬನಿಹಾಲ್–ಖಾಜಿಗುಂಡ್ ಸುರಂಗ ಎಂಟೂವರೆ ಕಿಲೋಮೀಟರ್. ಹೊಕ್ಕಾಗ ಒಣಗಿದ್ದ ರಸ್ತೆ ಆಚೆ ಬಾಯಲ್ಲಿ ಬೆಳ್ಳಗಿರಬಹುದು. ಬರೀ ಒದ್ದೆ ಎನಿಸಿದ್ದು ಮಂಜುಗಡ್ಡೆಯ ತೆಳು ಪದರವಾಗಿರುವುದೂ ಉಂಟು. ಅಂಥಲ್ಲಿ ಎಕ್ಸಾಸ್ಟ್ ಬ್ರೇಕ್ ಆಫ್ ಮಾಡಿ, ಇಲ್ಲದಿದ್ದರೆ ಹಿಂದಿನ ಗಾಲಿ ಜಾರಿ ಗಾಡಿ ಅಡ್ಡ ತಿರುಗುತ್ತದೆ.

7. ಹರಿಯಾಣ, ಪಂಜಾಬಿನ ದಟ್ಟ ಮಂಜು ಹಿಮಕ್ಕಿಂತ ಕೆಟ್ಟದ್ದು. ಹೈಬೀಮ್ ಹಾಕಿದರೆ ಬೆಳಕು ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಫಾಗ್ ಲೈಟು, ಹಿಂಬದಿಯ ರಿಫ್ಲೆಕ್ಟರ್ ಪಟ್ಟಿ ಸರಿಯಿರಲಿ. ಏನೂ ಕಾಣದಿದ್ದರೆ ಢಾಬಾದ ಅಂಗಳಕ್ಕೆ ಗಾಡಿ ಇಳಿಸಿ. ರಸ್ತೆ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡಿ.

8. ಕಾಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ರಾಂಬನ್–ಬನಿಹಾಲ್ ನಡುವೆ ಗುಡ್ಡ ಕುಸಿದರೆ ಉಧಂಪುರದ ಬಳಿಯೇ ಲಾರಿಗಳನ್ನು ತಡೆಯುತ್ತಾರೆ. ಟ್ರಾಫಿಕ್ ಪೊಲೀಸರ ಸೂಚನೆ ನೋಡದೆ ಹೊರಡಬೇಡಿ. ಅಕ್ಕಿ, ಬೇಳೆ, ಒಲೆ, ಕಂಬಳಿ, ಮಾತ್ರೆ ಜೊತೆಗಿರಲಿ. ಪಾರ್ಟಿಗೆ ತಾರೀಖು ಕೊಡುವಾಗಲೂ ಕೈ ಸಡಿಲವಿರಲಿ.

9. ಮುಚ್ಚಿದ ಕ್ಯಾಬಿನ್‌ನಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ, ಗ್ಯಾಸ್ ಒಲೆಯನ್ನೂ ಉರಿಸಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಎಷ್ಟು ಚಳಿಯಿದ್ದರೂ ಇನ್ನೊಂದು ಕಂಬಳಿ ಹೊದೆಯಿರಿ, ಇಬ್ಬರಿದ್ದರೆ ಒತ್ತಿ ಮಲಗಿ.

10. ಗಾಳಿ ಎರಡು ಸಲ ನೋಡಿ. ಇಲ್ಲಿ 30 ಡಿಗ್ರಿಯಲ್ಲಿ 110 ಹಿಡಿಸಿದ ಟೈರ್ ಅಲ್ಲಿ ಮೈನಸ್ 5ರಲ್ಲಿ ನೂರಕ್ಕಿಂತ ಕೆಳಗಿಳಿದಿರುತ್ತದೆ, ತುಂಬಿಸಿಕೊಳ್ಳಿ. ಆದರೆ ಸೇಬು ಹೇರಿಕೊಂಡು ವಾಪಸ್ ಬರುವಾಗ ಅದೇ ಗಾಳಿ ಬಿಸಿಲಿಗೆ ಏರುತ್ತದೆ. ನಾಗಪುರ ಬರುವುದರೊಳಗೆ, ಟೈರ್ ತಣ್ಣಗಿರುವ ಬೆಳಗಿನ ಹೊತ್ತು ನೋಡಿ ಇಳಿಸಿಬಿಡಿ.