ಇಂದಿನ ಧಮ್ಮ ಚಿಂತನೆ: ಬಾಗಿಲಲ್ಲಿ ತಡೆದ ಪಂಚೆ



2024ರ ಜುಲೈನಲ್ಲಿ ಹಾವೇರಿ ಕಡೆಯ ಹಿರಿಯ ರೈತರೊಬ್ಬರು ಮಗನೊಂದಿಗೆ ಸಿನಿಮಾ ನೋಡಲು ಬೆಂಗಳೂರಿನ ಮಾಲ್ ಒಂದಕ್ಕೆ ಹೋದರು. ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ಜನ ಪ್ರತಿಭಟಿಸಿದರು; 7 ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಿತು.

ಹಾಗಾದರೆ ವ್ಯಾಪಾರಿಗೆ ಉಡುಪಿನ ನಿಯಮ ಮಾಡುವ ಹಕ್ಕೇ ಇಲ್ಲವೇ? ಇದೆ. ಈಜುಕೊಳಕ್ಕೆ ಈಜುಡುಗೆ ಬೇಕು, ಕಾರ್ಖಾನೆಯೊಳಗೆ ಹೆಲ್ಮೆಟ್ ಬೇಕು. ಅಂಥ ನಿಯಮ ಜೀವ ಕಾಯುತ್ತದೆ. ಪಂಚೆಯಿಂದ ಯಾರಿಗೆ ಅಪಾಯ? ಅಲ್ಲಿ ಅಳೆದದ್ದು ಮನುಷ್ಯನ ಯೋಗ್ಯತೆಯನ್ನು.

ಅಂಗಡಿ, ಹೋಟೆಲ್, ಮನರಂಜನಾ ಸ್ಥಳಗಳಲ್ಲಿ ಜಾತಿ, ಧರ್ಮ, ಲಿಂಗ ಮುಂತಾದ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎನ್ನುತ್ತದೆ ಸಂವಿಧಾನದ 15(2)ನೇ ವಿಧಿ. ಅದರಲ್ಲಿ ಬಟ್ಟೆಯ ಮಾತಿಲ್ಲ. ಆದರೆ ಬಟ್ಟೆಯಿಂದಲೇ ಜಾತಿ ಗುರುತಿಸುವುದು ನಮಗೆ ಹೊಸದಲ್ಲ. ಅದಕ್ಕೇ 1927ರ ಡಿಸೆಂಬರ್‌ನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು, ಅಸ್ಪೃಶ್ಯತೆಯ ಗುರುತಾಗಿದ್ದ ಸೀರೆಯ ಉಡಿಗೆಯನ್ನೂ ಒಡವೆಗಳನ್ನೂ ಬಿಡುವಂತೆ ನಮ್ಮ ತಾಯಂದಿರಿಗೆ ಹೇಳಿದರು.

ಮಗಧದ ಗದ್ದೆಗಳ ಮಾದರಿಯಲ್ಲಿ ತುಂಡು ಜೋಡಿಸಿ ಚೀವರ ಹೊಲಿಯಲು ಭಗವಾನರು ಆನಂದರಿಗೆ ಹೇಳಿದರೆಂದು ವಿನಯಪಿಟಕದಲ್ಲಿದೆ. ರೈತನ ಗದ್ದೆಯೇ ಭಿಕ್ಕು ಸಂಘದ ಉಡುಪಾಯಿತು!

ನಮ್ಮ ವಿಹಾರದ ಬಾಗಿಲನ್ನೂ ನೋಡಿಕೊಳ್ಳೋಣ. ಹುಣ್ಣಿಮೆಯಂದು ಬಿಳಿ ಬಟ್ಟೆ ಒಳ್ಳೆಯ ರೂಢಿ. ಆದರೆ ಕೂಲಿ ಮುಗಿಸಿ ಮಣ್ಣಾದ ಬಟ್ಟೆಯಲ್ಲೇ ಬಂದವರಿಗೆ ಹಿಂದಿನ ಸಾಲು ತೋರಿಸಿದರೆ, ಆ ಮಾಲ್‌ಗೂ ನಮಗೂ ವ್ಯತ್ಯಾಸವೇನು?

ಇಂದಿನ ಅಭ್ಯಾಸ: ಎದುರಾಗುವ ಮೊದಲ ಅಪರಿಚಿತರನ್ನು ಮುಖ ನೋಡಿ ಮಾತಾಡಿಸಿ, ಬಟ್ಟೆ ನೋಡಿ ಅಲ್ಲ.

ಸಾಧು, ಸಾಧು, ಸಾಧು.